ಒದ್ದೆ ಬಟ್ಟೆಯ ಮೂರು ಮಡಿಕೆ

"ಐದನೆಯದೂ ನಾನೇ ಮೇಡಂ."

ಅವನು ಹಾಗೆಂದ ಕೂಡಲೇ ನನ್ನ ಪಕ್ಕದಲ್ಲಿ ಬರೆಯುತ್ತಾ ಕೂತಿದ್ದ ಹೆಡ್ ಕಾನ್ಸ್‌ಟೇಬಲ್ ಪೆನ್ನು ನಿಲ್ಲಿಸಿದರು.

"ಯಾವತ್ತು?" ಎಂದೆ.

"ನೀವು ಹೇಳಿದ್ರಲ್ಲ, ಸೋಮವಾರ. ಅವತ್ತೇ."

"ಹೇಗೆ?"

"ದಿಂಬಿಂದ. ಟೆರೇಸ್ ಮೇಲಿನ ರೂಮಲ್ಲಿ. ಮುದುಕ ಕೆಂಪು ಕಂಬಳಿ ಹೊದ್ಕೊಂಡಿದ್ದ." ಅಷ್ಟು ಹೇಳಿ ನನ್ನ ಮುಖ ನೋಡಿದ. "ಕೆಂಪೇ ತಾನೆ ಮೇಡಂ?"

ಐದನೆಯ ಕೊಲೆ ನಡೆದೇ ಇರಲಿಲ್ಲ. ಆ ಮುದುಕನನ್ನು, ಆ ಟೆರೇಸನ್ನು, ಆ ಕೆಂಪು ಕಂಬಳಿಯನ್ನು ನಾನು ಬೆಳಿಗ್ಗೆ ಹಲ್ಲುಜ್ಜುತ್ತಾ ಹುಟ್ಟುಹಾಕಿದ್ದೆ. ಎಡಗಡೆಯ ದವಡೆ ಹಲ್ಲು ಮೂರು ದಿನದಿಂದ ಜೀವ ಹಿಂಡುತ್ತಿತ್ತು, ಬ್ರಷ್ ಆ ಕಡೆ ಹೋಗಲೂ ಬಿಡುತ್ತಿರಲಿಲ್ಲ. ಆ ಸಿಟ್ಟಿನಲ್ಲೇ ಹೊಳೆದ ಉಪಾಯ ಅದು.

ನಿಜವಾಗಿ ಸತ್ತವರು ನಾಲ್ವರು. ಎರಡು ತಿಂಗಳಲ್ಲಿ, ಒಬ್ಬೊಬ್ಬರಾಗಿ. ಒಂದೇ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದು, ಒಂಟಿಯಾಗಿ ಮಲಗಿದ್ದವರು. ನಾಲ್ವರಿಗೂ ಯಾರೋ ದಿಂಬು ಒತ್ತಿ ಉಸಿರು ಕಟ್ಟಿಸಿ, ಆಮೇಲೆ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದು, ಹಣೆಗೆ ಒದ್ದೆ ಬಟ್ಟೆ ಹಾಕಿ ಹೋಗಿದ್ದರು. ಜ್ವರ ಬಂದ ಮಗುವಿಗೆ ಹಾಕುವ ಹಾಗೆ.

ನನ್ನೆದುರು ಕೂತವನು ಆ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು. ಮೂವತ್ತೊಂದು ವಯಸ್ಸು, ತೆಳ್ಳಗೆ ಕಡ್ಡಿಯ ಹಾಗಿದ್ದ. ಅಲ್ಲಿ ಎಲ್ಲರೂ ಅವನನ್ನು ಸ್ಟ್ರೆಚರ್ ಅಂತಲೇ ಕರೆಯುತ್ತಿದ್ದರು. ನಾಲ್ವರನ್ನೂ ವಾರ್ಡಿನಿಂದ ಗೇಟಿನವರೆಗೆ ತಳ್ಳಿಕೊಂಡು ಬಂದವನು ಇವನೇ. ಆರು ದಿನದ ಹಿಂದೆ ಹಿಡಿದು ತಂದವಳು ನಾನೇ.

"ಮೇಡಂ," ಎಂದರು ಹೆಡ್ ಕಾನ್ಸ್‌ಟೇಬಲ್ ನನ್ನ ಕಿವಿಯ ಹತ್ತಿರ ಬಗ್ಗಿ. ಅವರನ್ನು ಠಾಣೆಯಲ್ಲಿ ಮೀಸೆ ಅನ್ನುತ್ತಾರೆ. ಮೀಸೆ ಬೋಳಿಸಿ ಆರು ವರ್ಷವಾದರೂ ಹೆಸರು ಮಾತ್ರ ಉದುರಿಲ್ಲ. "ಐದನೆಯದು ಯಾವುದು ಮೇಡಂ? ನನಗೇ ಗೊತ್ತಿಲ್ವಲ್ಲ!"

"ನನಗೂ ಗೊತ್ತಿಲ್ಲ. ಒಂದು ಬಕೆಟ್ ನೀರು ತನ್ನಿ. ಒಂದು ಬಿಳಿ ಬಟ್ಟೆ ತನ್ನಿ."

ಅವರು ತಂದಿಟ್ಟರು. ನಾನು ಬಟ್ಟೆಯನ್ನು ಅದ್ದಿ, ಹಿಂಡಿ, ಅವನ ಕೈಗೆ ಕೊಟ್ಟೆ.

"ಆ ನಾಲ್ಕು ಜನಕ್ಕೆ ಹೇಗೆ ಹಾಕಿದೆಯೋ ಹಾಗೆ ಮಡಚು."

ನಾಲ್ಕೂ ಹಣೆಯ ಮೇಲಿದ್ದ ಬಟ್ಟೆಯ ಮಡಿಕೆ ಒಂದೇ ತರ. ಉದ್ದಕ್ಕೆ ಮೂರು ಮಡಿಕೆ. ಆಮೇಲೆ ಎರಡೂ ತುದಿಗಳನ್ನು ಅಡಿಗೆ ಮಡಚಿ, ಒಂದನ್ನು ಇನ್ನೊಂದರೊಳಗೆ ಸಿಕ್ಕಿಸಿದ್ದು. ಹಾಗೆ ಮಾಡಿದರೆ ಒಂದು ಹನಿಯೂ ಕಣ್ಣಿಗೆ ಇಳಿಯುವುದಿಲ್ಲ. ಈ ವಿಷಯ ಪೇಪರಿನವರಿಗೆ ಗೊತ್ತಿರಲಿಲ್ಲ, ಟೀವಿಯವರಿಗೆ ಗೊತ್ತಿರಲಿಲ್ಲ. ಕೊಂದವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಅವನು ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮಡಚಲು ಹೋದ, ಬಿಚ್ಚಿಕೊಂಡಿತು. ಇನ್ನೊಮ್ಮೆ ಹೋದ, ಉಂಡೆಯಾಯಿತು. ಕೊನೆಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಅದನ್ನು ಹಾಗೇ ತನ್ನ ಹಣೆಯ ಮೇಲೆ ಹಾಕಿಕೊಂಡ. ನೀರು ಕೆನ್ನೆ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಮಡಚೋಕೆ ಬರಲ್ವಾ?"

"ನಾನು ಮಲಗಿರ್ತಿದ್ದೆ ಮೇಡಂ."

"ಮತ್ತೆ ಮಡಚ್ತಾ ಇದ್ದಿದ್ದು ಯಾರು? ನಿನ್ನ ಅಮ್ಮನಾ?"

"ಹೌದು."

"ಅಮ್ಮ ಅಲ್ಲ, ಅಜ್ಜಿ ಅಲ್ವಾ?"

"ಹೌದು ಮೇಡಂ, ಅಜ್ಜಿ."

"ಅಥವಾ ನಾನಾ?"

ಅವನು ಕಣ್ಣು ತೆರೆದು ನನ್ನನ್ನೇ ನೋಡಿದ. ಪಾಪ, ತಮಾಷೆ ಅಂತಲೂ ಗೊತ್ತಾಗಲಿಲ್ಲ. "ಯಾರು ಅಂತ ಹೇಳ್ಬೇಕು ಮೇಡಂ? ಹೇಳಿ, ಹೇಳ್ತೀನಿ."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ನನಗೆ ಅವನ ಮುಖ ನೋಡಲಾಗಲಿಲ್ಲ. ನಾಚಿಕೆಯಾಯಿತು, ಮುಚ್ಚಿಡುವುದೇಕೆ. ಆರು ದಿನ ಈ ಕೋಣೆಯಲ್ಲಿ ಕೂತು, ದಿಂಬು ಒತ್ತಿದೆಯಾ, ಹೊದಿಕೆ ಎಳೆದೆಯಾ, ಬಟ್ಟೆ ಹಾಕಿದೆಯಾ ಅಂತ ಉತ್ತರವನ್ನು ಪ್ರಶ್ನೆಯೊಳಗೇ ಕಟ್ಟಿ ಕೊಟ್ಟಿದ್ದೆ. ಅವನು ಎಲ್ಲಕ್ಕೂ ಹೌದು ಅಂದಿದ್ದ. ನಾನದನ್ನು ತಪ್ಪೊಪ್ಪಿಗೆ ಅಂತ ಬರೆಸಿಕೊಂಡಿದ್ದೆ.

ಚಿಕ್ಕಂದಿನಲ್ಲಿ ಅಲ್ಲಿ ನೋವಾ ಅಂದರೆ ಹೌದು, ಇಲ್ಲಿ ನೋವಾ ಅಂದರೆ ಹೌದು ಅಂದೇ ಬೆಳೆದವನು ಇವನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬುದ್ಧಿ ಎಲ್ಲಿಟ್ಟಿದ್ದೆನೋ.

* * *

"ಏನ್ರೀ ಇನ್ಸ್‌ಪೆಕ್ಟ್ರೇ, ನಿಮಗೆ ತಲೆ ಸರಿಯಿದೆಯಾ?"

ಸಾಹೇಬರು ಹೊಸ ಶರ್ಟ್ ಹಾಕಿಕೊಂಡಿದ್ದರು. ಸಂಜೆ ಐದಕ್ಕೆ ಟೀವಿಯವರು ಬರುವವರಿದ್ದರು.

"ಅವನಲ್ಲ ಸಾರ್."

"ಅವನೇ ಅಂತ ಹೇಳಿದ್ದು ಯಾರು? ನೀವು! ಆ ಫೈಲು ತಂದು ನನ್ನ ಮೇಜಿನ ಮೇಲೆ ಕುಕ್ಕಿದ್ದು ಯಾರು?"

ನಾನೇ. ಸ್ಟ್ರೆಚರ್‌ನ ಚಿಕ್ಕಂದಿನ ಆಸ್ಪತ್ರೆ ಫೈಲು ಅದು, ಹಿಡಿದು ಎಷ್ಟು ಬೀಗಿದ್ದೆ ನಾನು! ಒಂಬತ್ತು ತುಂಬುವ ಮೊದಲು ಹುಡುಗನನ್ನು ನಲವತ್ತೊಂದು ಸಲ ಆಸ್ಪತ್ರೆಗೆ ಸೇರಿಸಿದ್ದರು. ವಾಂತಿ, ಜ್ವರ, ಭೇದಿ, ಮತ್ತೆ ಜ್ವರ. ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲ. ಒಬ್ಬ ಮಕ್ಕಳ ಡಾಕ್ಟರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ತಾಯಿ ಮನೆಗೆ ಹೋದ ದಿನಗಳಲ್ಲಿ ಮಗು ಚೆನ್ನಾಗಿರುತ್ತದೆ.

ಫೈಲನ್ನು ಮನೋವೈದ್ಯರಿಗೆ ತೋರಿಸಿದ್ದೆ. ಅವರು ಕನ್ನಡಕ ತೆಗೆದು, "ಕಾಯಿಲೆ ಇದ್ದದ್ದು ತಾಯಿಗೆ," ಅಂದಿದ್ದರು. "ಇಂಥವರು ಮಗುವನ್ನ ತಾವೇ ಕಾಯಿಲೆ ಬೀಳಿಸ್ತಾರೆ. ಡಾಕ್ಟರು, ನರ್ಸು, ನೆಂಟರು ಸುತ್ತ ನಿಂತು ಅಯ್ಯೋ ಪಾಪ ಅನ್ಬೇಕು, ಅದಕ್ಕೆ. ಅಂಥ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಏನಾಗ್ತಾರೆ ಅಂತ ಹೇಳೋಕಾಗಲ್ಲ."

ಮಕ್ಕಳು ಅಂದಿದ್ದರು ಅವರು. ನನ್ನ ಕಿವಿಗೆ ಮಗು ಅಂತ ಕೇಳಿಸಿತ್ತು.

"ಐದರವರೆಗೆ ಸಮಯ ಕೊಡಿ ಸಾರ್. ಈಗ ಇವನ ಮುಖ ಟೀವಿಯಲ್ಲಿ ಬಂದ್ರೆ ಮುಗೀತು. ಜನ್ಮದಲ್ಲಿ ಅವನು ಅಲ್ಲ ಅಂತ ಹೇಳಲ್ಲ. ಅಲ್ಲ ಅನ್ನೋದನ್ನ ಅವನಿಗೆ ಯಾರೂ ಕಲಿಸೇ ಇಲ್ಲ."

"ಐದು ಅಂದ್ರೆ ಐದು. ಮೊದಲು ಆ ಹಲ್ಲು ಕೀಳಿಸಿ. ಮುಖ ನೋಡಿ, ಒಂದು ಕಡೆ ಊದಿ ಬನ್ನಿನ ಹಾಗಾಗಿದೆ."

ಹೊರಗೆ ಬಂದು ಮೀಸೆಗೆ ಹೇಳಿದೆ. "ಅವನ ಹತ್ರಾನೇ ಕೂತಿರಿ. ಊಟ ಕೊಡಿ, ನೀರು ಕೊಡಿ, ಏನನ್ನೂ ಕೇಳಬೇಡಿ. ಏನು ಕೇಳಿದ್ರೂ ಹೌದು ಅಂತಾನೆ."

"ಆಯ್ತು ಮೇಡಂ. ತುಟಿ ಪಿಟಕ್ ಅನ್ನಲ್ಲ."

* * *

ಆಸ್ಪತ್ರೆಯ ದಾಖಲೆ ಕೋಣೆ ನೆಲಮಾಳಿಗೆಯಲ್ಲಿದೆ. ಒಂದು ಟ್ಯೂಬ್‌ಲೈಟ್ ಯಾವಾಗಲೂ ಮಿಟುಕುತ್ತಿರುತ್ತದೆ. ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟು, ಅದರ ತುಂಬ ಹಗ್ಗ ಕಟ್ಟಿದ ಫೈಲು. ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಫೈಲಕ್ಕ ಅನ್ನುತ್ತಾರೆ. ಮೂವತ್ತೈದರ ಆಸುಪಾಸು, ನಗುಮುಖ, ಬೂದು ಬಣ್ಣದ ಸ್ವೆಟರ್. ಹತ್ತು ವರ್ಷದ ಹಿಂದಿನ ಕಾಗದ ಕೇಳಿದರೂ ಐದು ನಿಮಿಷದಲ್ಲಿ ಹುಡುಕಿ ಕೊಡುತ್ತಾರೆ. ಸ್ಟ್ರೆಚರ್‌ನ ಹಳೆಯ ಫೈಲನ್ನಂತೂ ನಾನು ಪೂರ್ತಿ ಕೇಳುವ ಮೊದಲೇ ಮೇಜಿನ ಮೇಲೆ ಇಟ್ಟಿದ್ದರು.

"ಬನ್ನಿ ಮೇಡಂ. ಅಯ್ಯೋ, ಕೆನ್ನೆ ಏನಾಯ್ತು? ಹಲ್ಲಾ?"

"ಹಲ್ಲೇ. ಮಾತಾಡಿಸಬೇಡಿ ಅದನ್ನ."

"ಕೊಲೆಗಾರರನ್ನ ಹಿಡೀತೀರಿ, ಹಲ್ಲಿನ ಡಾಕ್ಟರಿಗೆ ಹೆದರ್ತೀರಾ?" ಎಂದು ನಕ್ಕರು. "ಮೇಲೆ ಹೋಗಿ ತೋರಿಸ್ಕೊಳ್ಳಿ. ನಿಮ್ಮ ಹೆಸರಲ್ಲೂ ಒಂದು ಫೈಲ್ ಮಾಡಿ ಇಟ್ಕೋತೀನಿ."

"ಸತ್ತ ನಾಲ್ಕು ಜನರ ಫೈಲ್ ಇನ್ನೊಂದ್ಸಲ ಬೇಕಿತ್ತು."

ಅವರು ಒಂದೊಂದಾಗಿ ತಂದು ನನ್ನ ಮುಂದೆ ಪೇರಿಸಿದರು. ನಾಲ್ಕು ಬೇರೆ ಬೇರೆ ವಾರ್ಡು, ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ನರ್ಸುಗಳು. ಇದನ್ನೆಲ್ಲ ನಾವು ಮೊದಲೇ ಜಾಲಾಡಿದ್ದೆವು. ಆದರೆ ಅವತ್ತು ಒಂದು ಹೊಸದು ಕಂಡಿತು. ನಾಲ್ಕನ್ನೂ ಒಂದರ ಮೇಲೊಂದು ಇಟ್ಟಾಗ ಪೇರು ನನ್ನ ಗಲ್ಲದವರೆಗೆ ಬಂತು. ಕಪಾಟಿನಲ್ಲಿದ್ದ ಉಳಿದವು ಬೆರಳಷ್ಟು ದಪ್ಪ, ಇವು ಗೇಣು ದಪ್ಪ.

"ಎಲ್ಲಾ ಇಷ್ಟು ದಪ್ಪ ಇವೆಯಲ್ಲ!"

"ಅದೃಷ್ಟವಂತರು," ಎಂದರು ಫೈಲಕ್ಕ, ಹಗ್ಗ ಬಿಚ್ಚುತ್ತಾ. "ಇಷ್ಟು ದಪ್ಪ ಫೈಲ್ ಆಗ್ಬೇಕಾದ್ರೆ ಎಷ್ಟು ಜನ ಅವರನ್ನ ನೋಡಿರ್ಬೇಕು, ಮುಟ್ಟಿರ್ಬೇಕು, ಬರೆದಿರ್ಬೇಕು."

"ನಿಮ್ಮ ಫೈಲ್ ಎಷ್ಟು ದಪ್ಪ?"

"ನನ್ನದಾ? ನನಗೆ ಫೈಲೇ ಇಲ್ಲ ಮೇಡಂ. ಹುಟ್ಟಿದಾಗಿನಿಂದ ಒಂದು ನೆಗಡಿ ಕೂಡ ಬಂದವಳಲ್ಲ." ಗಂಟು ಬಿಗಿಯಾಗಿತ್ತು. ಅವರ ಬಲಗೈ ಕಿರುಬೆರಳು ಡೊಂಕು, ಹೊರಕ್ಕೆ ತಿರುಗಿಕೊಂಡಿತ್ತು. ಅದನ್ನು ಬಿಟ್ಟು ಉಳಿದ ಬೆರಳುಗಳಿಂದಲೇ ಚಕಚಕನೆ ಬಿಚ್ಚಿದರು.

"ಸ್ಟ್ರೆಚರ್‌ನ ತಾಯಿಯ ವಿಳಾಸ ಇದೆಯಾ? ಅವರನ್ನ ನಾನೇ ನೋಡ್ಬೇಕು. ಹೋದ ವಾರ ನಮ್ಮವರು ಹೋಗಿ ಬರೀ ಹೇಳಿಕೆ ಬರ್ಕೊಂಡು ಬಂದ್ರು."

"ಹಳೇ ನೀರಿನ ಟ್ಯಾಂಕ್ ಹಿಂದಿನ ರಸ್ತೆ, ಎರಡನೇ ಮನೆ, ಹಸಿರು ಗೇಟು," ಎಂದರು. ಬಿಚ್ಚಿದ ಹಗ್ಗವನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. "ಅವನು ಹೇಗಿದ್ದಾನೆ? ಜ್ವರ ಗಿರ ಏನಿಲ್ಲ ತಾನೆ?"

"ಚೆನ್ನಾಗಿದ್ದಾನೆ."

"ಅಕಸ್ಮಾತ್ ಬಂದ್ರೆ ಇಲ್ಲಿಗೇ ಕರ್ಕೊಂಡು ಬರ್ಬೇಕು ಅಲ್ವಾ? ನಿಮ್ಮಲ್ಲಿ ಹಾಗೇ ನಿಯಮ ಅಂತೆ."

"ನಿಯಮ ಹಾಗೇ ಇದೆ," ಎಂದು ನಾನು ಮೆಟ್ಟಿಲು ಹತ್ತಿದೆ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

* * *

ಗೇಟು ಹಸಿರಾಗಿರಲಿಲ್ಲ. ನೀಲಿ ಇತ್ತು.

ಎರಡನೆಯ ಮನೆಯೇ ಹೌದಾ ಅಂತ ಮತ್ತೊಮ್ಮೆ ಎಣಿಸಿ ನೋಡಿ ಬಾಗಿಲು ತಟ್ಟಿದೆ. ತೆರೆದವರು ಅರವತ್ತು ದಾಟಿದ ಹೆಂಗಸು. ಒಪ್ಪವಾಗಿ ಬಾಚಿದ ತಲೆ, ತೊಳೆದಿಟ್ಟ ಹಾಗಿದ್ದ ಮುಖ. ನಾನು ಯಾರು ಅಂತ ಹೇಳುವ ಮೊದಲೇ ಅಂಗೈ ನನ್ನ ಕೆನ್ನೆಯ ಮೇಲಿತ್ತು.

"ಅಯ್ಯೋ ಮಗಳೇ, ಮೈ ಕಾದಿದೆಯಲ್ಲೇ! ಬಾ ಒಳಗೆ, ಕೂತ್ಕೋ."

ಹೇಳಿದರೆ ನಗುತ್ತೀರಿ, ನನಗೆ ಅಳು ಬಂತು. ಮೂರು ದಿನದಿಂದ ಠಾಣೆಯಲ್ಲಿ ಎಲ್ಲರೂ ನನ್ನ ಹಲ್ಲನ್ನು ಎತ್ತಿ ಆಡಿಕೊಂಡಿದ್ದರೇ ಹೊರತು ನೋವಾ ಅಂತ ಒಬ್ಬರೂ ಕೇಳಿರಲಿಲ್ಲ. ಆ ಕೈ ತಣ್ಣಗಿತ್ತು, ಮೆತ್ತಗಿತ್ತು. ಇನ್ನೊಂದು ನಿಮಿಷ ಹಾಗೇ ಇಟ್ಟುಕೊಂಡಿರಲಿ ಅನ್ನಿಸಿತು. ಆ ಹುಡುಗ ನಲವತ್ತೊಂದು ಸಲ ಬಾಯಿ ಮುಚ್ಚಿಕೊಂಡು ಮಲಗಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಕೂತೆ. ನಡುಮನೆಯ ಗೋಡೆ ತುಂಬ ಫೋಟೋ. ಎಲ್ಲವೂ ಒಬ್ಬನದೇ. ಆಸ್ಪತ್ರೆ ಹಾಸಿಗೆಯಲ್ಲಿ ಮಗು, ಡ್ರಿಪ್ ಹಾಕಿಸಿಕೊಂಡ ಮಗು, ಬೋಳು ತಲೆಯ ಮಗು. ಎಲ್ಲದರಲ್ಲೂ ಪಕ್ಕದಲ್ಲಿ ತಾಯಿ, ಕ್ಯಾಮೆರಾದ ಕಡೆ ಸರಿಯಾಗಿ ಮುಖ ತಿರುಗಿಸಿಕೊಂಡು.

"ನಿಮ್ಮ ಮಗ ಜೈಲಿಗೆ ಹೋಗೋದ್ರಲ್ಲಿದ್ದಾನೆ ಅಮ್ಮ. ನಾಲ್ಕು ಕೊಲೆ."

"ಹೌದಂತೆ." ಅವರು ಪಾತ್ರೆಯಲ್ಲಿ ನೀರು ತಂದರು, ಅದರಲ್ಲಿ ಒಂದು ಬಟ್ಟೆ ಅದ್ದಿದರು. "ಟೀವಿಯವರು ಇಲ್ಲಿಗೂ ಬರ್ತಾರಾ?"

ಮೈ ಉರಿದುಹೋಯಿತು. "ಅವನ ಹಾಲಿಗೆ ಏನು ಬೆರೆಸ್ತಿದ್ರಿ?"

ಕೈ ನಿಲ್ಲಲಿಲ್ಲ. ಮುಖವೂ ಬದಲಾಗಲಿಲ್ಲ. "ಏನೇನೋ ಬರೆದಿದ್ದಾರೆ ಆ ಡಾಕ್ಟರು. ತಾಯಿಯ ಕಷ್ಟ ಅವರಿಗೇನು ಗೊತ್ತು."

"ಉಪ್ಪಾ? ಸೋಪಿನ ನೀರಾ? ಥರ್ಮಾಮೀಟರ್ ಬಿಸಿ ನೀರಿಗೆ ಅದ್ದಿ ತೋರಿಸ್ತಿದ್ರಾ? ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ!"

"ಕೂಗಬೇಡಮ್ಮ, ಹಲ್ಲು ಇನ್ನೂ ನೋಯುತ್ತೆ." ಪಕ್ಕದಲ್ಲಿ ಬಂದು ಕೂತರು. ಧ್ವನಿ ಇಳಿಯಿತು. "ನಿನಗೆ ಮದುವೆ ಆಗಿದೆಯಾ? ನನ್ನ ಗಂಡ ಹನ್ನೊಂದು ವರ್ಷ ಈ ಮನೆಯಲ್ಲಿದ್ದ. ಒಂದು ದಿನಾನೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಏಯ್ ಅನ್ನೋನು. ನಮ್ಮಪ್ಪನೂ ಹಾಗೇ. ಆಸ್ಪತ್ರೇಲಿ ಡಾಕ್ಟರು ಎದ್ದು ನಿಲ್ಲೋರು. ಕೂತ್ಕೊಳ್ಳಿ ಅನ್ನೋರು. ಎಷ್ಟು ಧೈರ್ಯ ತಾಯಿ ನಿಮಗೆ ಅನ್ನೋರು. ಆ ಮಾತು ಕೇಳೋಕೆ..."

ಅಲ್ಲಿಗೇ ನಿಲ್ಲಿಸಿದರು. ಮುಂದಿನದನ್ನು ಹೇಳಬಾರದು ಅಂತ ಅವರಿಗೂ ಗೊತ್ತಿತ್ತು. ಬಟ್ಟೆಯನ್ನು ನೀರಿನಿಂದ ಎತ್ತಿ ನನ್ನ ಕೆನ್ನೆಗೆ ಒತ್ತಿದರು.

ನೀರು ದಳದಳ ಸುರಿಯಿತು. ಕುತ್ತಿಗೆಗೆ, ಕಾಲರಿಗೆ, ಒಳಗಿನ ಬನಿಯನ್‌ವರೆಗೂ. ಹಿಂಡಿರಲಿಲ್ಲ. ಮಡಚಿರಲೂ ಇಲ್ಲ. ಸುಮ್ಮನೆ ಮುದ್ದೆ ಮಾಡಿ ಒತ್ತಿದ್ದರು, ಅಷ್ಟೆ.

ನಾನು ಅವರ ಕೈ ಹಿಡಿದುಕೊಂಡೆ.

"ಅಮ್ಮ, ಇದನ್ನ ಸರಿಯಾಗಿ ಮಡಚಿ ಹಾಕಿ."

"ಹೇಗೆ ಹಾಕಿದ್ರೇನು, ತಣ್ಣಗಾದ್ರೆ ಸಾಕು."

"ನಲವತ್ತೊಂದು ಸಲ ಹಾಕಿದ್ದೀರಿ. ಮಡಚೋಕೆ ಬರಲ್ವಾ?"

"ನಾನು ಡಾಕ್ಟರ ಹತ್ರ ಮಾತಾಡೋದಾ, ಬಟ್ಟೆ ಮಡಚ್ತಾ ಕೂರೋದಾ? ಅದೆಲ್ಲ ಅವಳು ಮಾಡ್ತಿದ್ದಳು."

ಮಲಗಿದ್ದವನಿಗೆ ಮಡಚಲು ಬರುವುದಿಲ್ಲ. ಮಲಗಿಸಿದವಳಿಗೂ ಬರುವುದಿಲ್ಲ.

"ಅವಳು ಅಂದ್ರೆ ಯಾರು?"

"ಅವಳೇ, ದೊಡ್ಡವಳು."

"ನಮ್ಮವರಿಗೆ ಒಬ್ಬನೇ ಮಗ ಅಂತ ಹೇಳಿದ್ರಂತಲ್ಲ ನೀವು!"

"ಒಬ್ಬನೇ ಮಗ ತಾನೆ? ಅವರು ಮಗನ ಬಗ್ಗೆ ಕೇಳಿದ್ರು, ಹೇಳಿದೆ. ಅವಳ ಬಗ್ಗೆ ಹೇಳೋಕೆ ಏನಿದೆ? ಚೆನ್ನಾಗೇ ಇದ್ದಳು. ಒಂದು ನೆಗಡಿ ಕೂಡ ಬರ್ತಿರಲಿಲ್ಲ ಅವಳಿಗೆ."

ಅದೇ ಮಾತು. ಎರಡು ಗಂಟೆಯ ಹಿಂದೆ ನೆಲಮಾಳಿಗೆಯಲ್ಲಿ ಕೇಳಿದ ಅದೇ ಮಾತು.

ನಾನು ಎದ್ದು ಗೋಡೆಗೆ ಮೂಗು ತಾಗಿಸಿ ಒಂದೊಂದು ಫೋಟೋ ನೋಡಿದೆ. ಐದನೆಯದರಲ್ಲಿ ಸಿಕ್ಕಿತು. ಮಗು ಕಣ್ಣು ಮುಚ್ಚಿ ಮಲಗಿತ್ತು, ತಾಯಿ ಕ್ಯಾಮೆರಾ ನೋಡುತ್ತಿದ್ದರು. ಚೌಕಟ್ಟಿನ ಅಂಚಿನಿಂದ ಒಂದು ಸಣ್ಣ ಕೈ ಮಾತ್ರ ಒಳಗೆ ಬಂದಿತ್ತು, ಮಗುವಿನ ಹಣೆಯ ಮೇಲೆ ಬಟ್ಟೆ ಇಡುತ್ತಿತ್ತು. ಉದ್ದಕ್ಕೆ ಮೂರು ಮಡಿಕೆ, ತುದಿ ಒಳಗೆ. ಆ ಕೈಯ ಕಿರುಬೆರಳು ಹೊರಕ್ಕೆ ಡೊಂಕಾಗಿತ್ತು.

"ಈ ಬೆರಳು?"

"ಅದಾ? ಆಸ್ಪತ್ರೆ ಬಾಗಿಲಿಗೆ ಸಿಕ್ಕಿಸಿಕೊಂಡಳು. ಎಂಟು ವರ್ಷ ಇರ್ಬೇಕು. ಅವತ್ತೇ ಇವನಿಗೆ ನೂರಾಮೂರು ಜ್ವರ. ಬೆರಳು ನೋಡ್ತಾ ಕೂರೋಕೆ ನನಗೆಲ್ಲಿ ಪುರುಸೊತ್ತು?"

"ಆಸ್ಪತ್ರೆಯಲ್ಲೇ ಇದ್ರಿ. ನೂರು ಜನ ಡಾಕ್ಟರು ಇದ್ರು. ಒಬ್ಬರಿಗೂ ತೋರಿಸಲಿಲ್ವಾ?"

"ಅವಳು ಅಳಲೇ ಇಲ್ಲ," ಎಂದರು ಆ ತಾಯಿ, ನನ್ನದೇ ತಪ್ಪು ಅನ್ನುವ ಹಾಗೆ. "ಒಂದ್ಸಲ ಮಾತ್ರ, ಅದಕ್ಕಿಂತ ಮುಂಚೆ, ನನಗೂ ಜ್ವರ ಅಂತ ಬಂದು ಇವನ ಪಕ್ಕ ಮಲಗಿದ್ದಳು. ಮುಟ್ಟಿ ನೋಡಿದೆ, ತಣ್ಣಗಿದ್ದಳು. ನಾಟಕ ಆಡ್ತೀಯಾ ಅಂತ ನಾಲ್ಕು ಬಿಟ್ಟೆ. ಆಮೇಲೆ ಯಾವತ್ತೂ ಹುಷಾರಿಲ್ಲ ಅನ್ನಲಿಲ್ಲ. ಹದಿನೇಳಕ್ಕೆ ಮನೆ ಬಿಟ್ಟು ಹೋದಳು."

ನನಗೆ ಆ ಮುದುಕಿಯನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ನನ್ನ ಕೆನ್ನೆಯಿಂದ ಇನ್ನೂ ಅವರ ನೀರು ತೊಟ್ಟಿಕ್ಕುತ್ತಿತ್ತು. ತೋಳಿನಿಂದ ಒರೆಸಿಕೊಂಡು ಹೊರಗೆ ಓಡಿದೆ.

ಗೇಟಿನ ಹತ್ತಿರ ಕಾಲು ನಿಂತಿತು. ಚಿಲಕದ ಪಕ್ಕ ನೀಲಿ ಬಣ್ಣ ಎದ್ದು ಬಂದಿತ್ತು. ಅದರಡಿಯಲ್ಲಿ ಹಸಿರು. ಫೈಲಿನಲ್ಲಿ ವಿಳಾಸ ಬರೆಯುತ್ತಾರೆ, ಗೇಟಿನ ಬಣ್ಣ ಯಾರೂ ಬರೆಯುವುದಿಲ್ಲ. ಅಷ್ಟಕ್ಕೂ ವಿಳಾಸ ಹೇಳುವಾಗ ಫೈಲಕ್ಕ ಅವನ ಫೈಲು ಮುಟ್ಟಿಯೇ ಇರಲಿಲ್ಲ.

ಫೈಲಕ್ಕ ತನ್ನ ಅಕ್ಕ ಅಂತ ಸ್ಟ್ರೆಚರ್‌ಗೂ ಗೊತ್ತಿತ್ತು. ಒಂದೇ ಆಸ್ಪತ್ರೆ, ಒಂದೇ ಮೆಟ್ಟಿಲು, ದಿನಾ ನೋಡುತ್ತಿದ್ದ. ಆದರೆ ನಿನಗೆ ಅಕ್ಕ ಇದ್ದಾಳಾ ಅಂತ ಆರು ದಿನದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳದ್ದನ್ನು ಹೇಳುವವನಲ್ಲ ಅವನು. ನಾನು ಹುಡುಕಿದ್ದೆಲ್ಲ ಕಾಯಿಲೆ ಬಿದ್ದ ಮಗುವನ್ನು. ಚೆನ್ನಾಗಿದ್ದ ಮಗುವಿಗೆ ಫೈಲು ಇರುವುದಿಲ್ಲ ಅನ್ನುವುದು ತಲೆಗೆ ಹೋಗಿರಲಿಲ್ಲ. ಫೈಲಿಲ್ಲದವಳಿಗೆ ದಪ್ಪ ಫೈಲಿನವರ ಮೇಲೆ ಎಷ್ಟು ಹೊಟ್ಟೆಕಿಚ್ಚು ಇರಬಹುದು ಅನ್ನುವುದೂ.

ನಾಲ್ಕು ಇಪ್ಪತ್ತು. ಕಾರಿನಲ್ಲಿ ಕೂತು ಮೀಸೆಗೆ ಫೋನ್ ಮಾಡಿದೆ.

"ಮೀಸೆ, ಎಲ್ಲಿದ್ದೀರಿ? ಅವನು ಪಕ್ಕದಲ್ಲೇ ಇದ್ದಾನಾ?"

"ಆಸ್ಪತ್ರೆಯಲ್ಲಿದ್ದೀವಿ ಮೇಡಂ. ನಿಮಗೆ ಎರಡು ಸಲ ಮಾಡಿದೆ, ನೀವು ಎತ್ತಲಿಲ್ಲ."

"ಆಸ್ಪತ್ರೆಗೆ ಯಾಕೆ?"

"ಅವನಿಗೆ ಜ್ವರ. ಆಸ್ಪತ್ರೆಯಿಂದಲೇ ಫೋನ್ ಬಂದಿತ್ತು, ಕೈದಿಗೆ ಜ್ವರ ಇದೆಯಾ ವಿಚಾರಿಸಿ ಅಂತ. ಕೇಳಿದೆ. ಹೌದು ಅಂದ."

ನಾನು ಹಣೆ ಸ್ಟಿಯರಿಂಗ್‌ಗೆ ಚಚ್ಚಿಕೊಂಡೆ. "ಏನನ್ನೂ ಕೇಳಬೇಡಿ ಅಂದಿದ್ದೆನಲ್ರೀ!"

ಆ ಕಡೆ ಅವರಿಗೆ ಆಗಲೇ ಹೊಳೆದದ್ದು. "ಅಯ್ಯೋ... ಮೇಡಂ..."

"ಅವನ ಹತ್ರ ಯಾರಿದ್ದಾರೆ ಈಗ?"

"ಫೈಲಕ್ಕ ಇದ್ದಾರೆ. ನಾನು ನೋಡ್ಕೋತೀನಿ, ನೀವು ಹೋಗಿ ಟೀ ಕುಡಿದು ಬನ್ನಿ ಅಂದ್ರು. ಎರಡೇ ನಿಮಿಷ ಮೇಡಂ. ಬಂದೆ, ಬಾಗಿಲು ಹಾಕ್ಕೊಂಡಿದ್ದಾರೆ. ಹಣೆಗೆ ಬಟ್ಟೆ ಹಾಕ್ತಾರೇನೋ ಅಂತ ಸುಮ್ಮನಿದ್ದೆ."

"ಒಡೀರಿ ಬಾಗಿಲು! ಅವಳು ಅವನ ಅಕ್ಕ. ಅವಳೇ ಮಾಡಿದ್ದು ನಾಲ್ಕನ್ನೂ!"

ಧಡ್ ಧಡ್ ಅಂತ ಸದ್ದು ಕೇಳಿಸಿತು. ಭುಜ ಕೊಟ್ಟರು, ಒದ್ದರು. ಯಾರನ್ನೋ ಕೂಗಿ ಕರೆದರು. ಆಸ್ಪತ್ರೆಯ ಬಾಗಿಲುಗಳು ದಪ್ಪ.

"ಗಾಜು ಇದೆಯಲ್ಲ ಬಾಗಿಲಲ್ಲಿ, ಅದರಲ್ಲಿ ನೋಡಿ. ಅವನು ಉಸಿರಾಡ್ತಿದ್ದಾನಾ?"

ಆ ಕಡೆ ಬಾಗಿಲು ಬಡಿಯುವುದು ನಿಂತಿತು.

"ಮೀಸೆ! ಹಾಸಿಗೆ ಮೇಲೆ ಅವನು ಅಲ್ಲಾಡ್ತಿದ್ದಾನಾ?"

"ಮೇಡಂ, ಹಾಸಿಗೆ ಮೇಲೆ ಮಲಗಿರೋದು ಅವನಲ್ಲ."

"ಮತ್ತೆ?"

"ಫೈಲಕ್ಕ. ಕುತ್ತಿಗೆವರೆಗೆ ಹೊದ್ಕೊಂಡಿದ್ದಾರೆ, ಕಣ್ಣು ಮುಚ್ಚಿದ್ದಾರೆ. ಹಣೆ ಮೇಲೆ ಬಟ್ಟೆ ಇದೆ. ಅವನು ಪಕ್ಕದಲ್ಲಿ ನಿಂತಿದ್ದಾನೆ ಮೇಡಂ. ಕೈಯಲ್ಲಿ ದಿಂಬು."

ನನಗೂ ಹಾಗೇ ಮಾಡ್ತೀಯಾ ಅಂತ ಅವಳು ಕೇಳಿರುತ್ತಾಳೆ, ನನಗೆ ಗೊತ್ತಾಯಿತು. ಕೇಳಿದ್ದಕ್ಕೆ ಅವನು ಏನು ಅಂದಿರುತ್ತಾನೆ ಅಂತಲೂ ಗೊತ್ತಾಯಿತು. ಆ ದಿಂಬು ಅವಳ ಮುಖದ ಮೇಲೆ ಇಳಿದರೆ, ಐದು ಗಂಟೆಗೆ ಸಾಹೇಬರು ಹೇಳುವ ಸುಳ್ಳು ನಿಜವಾಗುತ್ತದೆ. ಏನೂ ಮಾಡದ ಒಬ್ಬ ಮನುಷ್ಯ ಕೊಲೆಗಾರನಾಗುತ್ತಾನೆ, ನಾನು ಬರೆದುಕೊಂಡ ಹಾಗೆಯೇ.

"ಫೋನ್ ಸ್ಪೀಕರಿಗೆ ಹಾಕಿ. ಬಾಗಿಲ ಸಂದಿಗೆ ಹಿಡೀರಿ."

ಸದ್ದುಗಳೆಲ್ಲ ಬದಲಾದವು. ಯಾವುದೋ ಫ್ಯಾನು ತಿರುಗುತ್ತಿತ್ತು. ಒಳಗಿನಿಂದ ಒಂದು ಹೆಂಗಸಿನ ಕೆಮ್ಮು ಕೇಳಿಸಿತು, ಮಕ್ಕಳು ಬೇಕಂತಲೇ ಕೆಮ್ಮುವ ಹಾಗೆ.

"ನಾನು ಕಣಪ್ಪಾ, ಮೇಡಂ," ಎಂದು ಕೂಗಿದೆ. ಆರು ದಿನ ಗೊತ್ತಿಲ್ಲದೆ ಮಾಡಿದ ತಪ್ಪನ್ನು ಈಗ ಗೊತ್ತಿದ್ದೇ ಮಾಡಿದೆ. ಉತ್ತರವನ್ನು ಪ್ರಶ್ನೆಯೊಳಗೆ ಕಟ್ಟಿದೆ. "ದಿಂಬು ಕೆಳಗೆ ಇಡ್ತಾ ಇದ್ದೀಯ ಅಲ್ವಾ? ಬಂದು ಬಾಗಿಲು ತೆಗೀತೀಯ ಅಲ್ವಾ?"

ಒಳಗಿನಿಂದ ಮತ್ತೆ ಅದೇ ಕೆಮ್ಮು.

"ಹೌದು ತಾನೆ? ಹೌದು ಅನ್ನಪ್ಪ!"

"ಇಲ್ಲ ಮೇಡಂ."

ಅವನ ಬಾಯಿಂದ ನಾನು ಕೇಳಿದ ಮೊದಲ ಇಲ್ಲ ಅದು. ಧ್ವನಿ ಗಟ್ಟಿಯಾಗಿತ್ತು, ತಡವರಿಸಲಿಲ್ಲ.

"ಅಕ್ಕನಿಗೆ ಹುಷಾರಿಲ್ಲ."